ಕುಟುಂಬ ಪ್ರಾರ್ಥನೆಯಲ್ಲಿ ಸ್ತೋತ್ರವು ಬರಿಯ ಬಾಯಿಮಾತಾಗದಿರಲು ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಕಳೆದ ವಾರ ನನ್ನ ಒಂಬತ್ತು ವರ್ಷದ ಮಗಳು, "ಅಪ್ಪಾ, ದಿನವೂ 'ಎಲ್ಲ ಉಪಕಾರಗಳಿಗಾಗಿ ಸ್ತೋತ್ರ' ಅಂತೀರಲ್ಲ, ಇವತ್ತು ದೇವರು ಏನು ಉಪಕಾರ ಮಾಡಿದರು?" ಎಂದು ಕೇಳಿದಳು. ನನಗೆ ತಟ್ಟನೆ ಒಂದೂ ನೆನಪಾಗಲಿಲ್ಲ. ಸಭೆಯಲ್ಲಿ ಸಾಕ್ಷಿ ಹೇಳುವಾಗ ರೋಗ ವಾಸಿಯಾದದ್ದು, ಕೆಲಸ ಸಿಕ್ಕಿದ್ದು ಮುಂತಾದ ದೊಡ್ಡ ಸಂಗತಿಗಳನ್ನೇ ಹೇಳಿ ರೂಢಿಯಾಗಿರುವುದರಿಂದ, ವಿಶೇಷವೇನೂ ನಡೆಯದ ದಿನದಲ್ಲಿ ದೇವರ ಒಳ್ಳೆಯತನವನ್ನು ಗುರುತಿಸುವ ಕಣ್ಣನ್ನೇ ಕಳೆದುಕೊಂಡೆನೇನೋ ಎಂಬ ಚಿಂತೆ ಕಾಡುತ್ತಿದೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ?

ಉತ್ತರ 1

ಬೈಬಲಿನ 136ನೆಯ ಕೀರ್ತನೆಯನ್ನು ಮಗಳೊಂದಿಗೆ ನಿಧಾನವಾಗಿ ಓದಿರಿ. ಅದರ 26 ವಚನಗಳೂ ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಯಿಂದ ಮುಗಿಯುತ್ತವೆ. ಆದರೆ ಆ ಪಲ್ಲವಿಗೆ ಮುಂಚೆ ಹೆಚ್ಚಿನ ವಚನಗಳಲ್ಲಿ ಹೊಸದೊಂದು ಕಾರಣವಿದೆ. ಸೂರ್ಯಚಂದ್ರರ ಸೃಷ್ಟಿ, ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಇಸ್ರಾಯೇಲ್ಯರ ಬಿಡುಗಡೆ, ಇಬ್ಭಾಗವಾದ ಕೆಂಪು ಸಮುದ್ರ, ಸೀಹೋನ ಮತ್ತು ಓಗರೆಂಬ ಅರಸರ ಸೋಲು, ಇಷ್ಟನ್ನೆಲ್ಲ ಎಣಿಸಿದ ಮೇಲೆ 25ನೆಯ ವಚನವು ಎಲ್ಲ ಜೀವಿಗಳಿಗೂ ಆಹಾರ ಕೊಡುವಾತನನ್ನು ನೆನೆಯುತ್ತದೆ. ಸಮುದ್ರವನ್ನು ಸೀಳಿದ್ದಕ್ಕೂ ತಟ್ಟೆಗೆ ಅನ್ನ ಬಂದದ್ದಕ್ಕೂ ಅಲ್ಲಿ ಪಲ್ಲವಿ ಒಂದೇ. ನಮ್ಮ ಪ್ರಾರ್ಥನೆಗಳಲ್ಲಿ ಪಲ್ಲವಿ ಮಾತ್ರ ಉಳಿದು ಕಾರಣ ಬಿಟ್ಟುಹೋಗಿದೆ. ನಿಮ್ಮ ಮಗಳು ಕೇಳಿದ್ದು ಆ ಬಿಟ್ಟುಹೋದ ಅರ್ಧವನ್ನೇ ಎಂದು ನನಗೆ ತೋರುತ್ತದೆ.

ಉತ್ತರ 2

ನಾನು ಮಂಗಳೂರಿನ ಕಥೊಲಿಕ ಕುಟುಂಬದವಳು. ಮಾತೆ ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ನ್ನು ನಾವು ಮೊಂತಿ ಹಬ್ಬ, ಅಂದರೆ ತೆನೆ ಹಬ್ಬವಾಗಿ ಆಚರಿಸುತ್ತೇವೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥಿಸಿ ಹಂಚಿಕೊಂಡ ಮೇಲೆಯೇ ಊಟ. ಅಂದು ಸಸ್ಯಾಹಾರ ಮಾತ್ರ. ದೂರದಲ್ಲಿರುವ ಮಕ್ಕಳಿಗೆ ತೆನೆಯನ್ನು ಅಂಚೆಯಲ್ಲಿ ಕಳುಹಿಸುವುದೂ ಉಂಟು. ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕೇ ಕಾಳು, ಆದರೂ ಆ ಕಾಳು ನಾಲಗೆಗೆ ತಾಗಿದಾಗ ಯಾವುದಕ್ಕಾಗಿ ವಂದಿಸುತ್ತಿದ್ದೇವೆಂದು ಮಗುವಿಗೂ ತಿಳಿಯುತ್ತದೆ.

ಉತ್ತರ 3

ಒಂದು ಮಾತನ್ನು ಸೇರಿಸಬೇಕೆನಿಸಿತು. ಅಪೊಸ್ತಲನಾದ ಪೌಲನು ಥೆಸಲೋನಿಕ ಪಟ್ಟಣದ ಸಭೆಯವರಿಗೆ ಬರೆದದ್ದು ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು, ಎಲ್ಲದಕ್ಕಾಗಿ ಎಂದಲ್ಲ. ಯಜಮಾನರು ತೀರಿಕೊಂಡಾಗ ಕೆಲವರು ಅದಕ್ಕೂ ಸ್ತೋತ್ರ ಹೇಳಬೇಕೆಂದು ನನಗೆ ಬುದ್ಧಿ ಹೇಳಿದರು, ನನ್ನಿಂದ ಆಗಲಿಲ್ಲ. ಯೆರೂಸಲೇಮು ಹಾಳಾದ ದುಃಖದ ನಡುವೆಯೇ ಪ್ರಲಾಪಗಳ ಗ್ರಂಥದ ಮೂರನೆಯ ಅಧ್ಯಾಯವು ದೇವರ ಕರುಣೆ ಪ್ರತಿ ಮುಂಜಾನೆ ಹೊಸದಾಗುವುದೆಂದು ಹೇಳುತ್ತದೆ. ಆ ದಿನಗಳಲ್ಲಿ ಪಕ್ಕದ ಮನೆಯ ಅಕ್ಕ ತಪ್ಪದೆ ಬೆಳಿಗ್ಗೆ ಕಾಫಿ ತಂದುಕೊಡುತ್ತಿದ್ದರು. ನಾನು ಮನಃಪೂರ್ವಕವಾಗಿ ಸ್ತೋತ್ರ ಹೇಳಿದ್ದು ಅದೊಂದಕ್ಕೇ. ಮಗಳಿಗೆ ಕಾರಣ ಹುಡುಕಲು ಕಲಿಸಿರಿ, ಆದರೆ ಅವಳು ಅಳುವ ದಿನ ಒತ್ತಾಯಿಸಬೇಡಿರಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಕೀರ್ತನೆಯನ್ನು ಓದಿ, ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದೆವು. ಮಗಳು ಗೆಳತಿ ಕೊಟ್ಟ ಪೆನ್ಸಿಲಿಗೆ, ಹೆಂಡತಿ ಎರಡು ದಿನದ ಮೇಲೆ ನಲ್ಲಿಯಲ್ಲಿ ಬಂದ ನೀರಿಗೆ ಸ್ತೋತ್ರ ಹೇಳಿದರು. ಮರೆವಿನಿಂದ ಬಳಲುತ್ತಿರುವ ನನ್ನ ತಾಯಿ ಬೆಳಿಗ್ಗೆ ಫೋನಿನಲ್ಲಿ ನನ್ನ ದನಿಯನ್ನು ಗುರುತಿಸಿದ್ದರು. ನಾನು ಅದನ್ನು ಹೇಳಿದೆ.