ಪ್ಯಾನಿಕ್ ಮತ್ತು ಖಿನ್ನತೆ ಎರಡಕ್ಕೂ ಒಂದೇ ಚಿಕಿತ್ಸೆ ಎನ್ನುತ್ತಾರೆ, ನಂಬಬಹುದೇ?

ನಡುಹಗಲು:
ಪ್ಯಾನಿಕ್ ಕಾಯಿಲೆಯ ಜೊತೆಗೆ ಖಿನ್ನತೆಯೂ ಇದೆ ಎಂದು ಮನೋವೈದ್ಯರು ಚೀಟಿಯಲ್ಲಿ ಬರೆದಿದ್ದಾರೆ. ಮಾತ್ರೆ ಶುರುವಾಗಿದೆ. ಜೊತೆಗೆ ಒಬ್ಬ ಚಿಕಿತ್ಸಾ ಮನೋವಿಜ್ಞಾನಿಯ ಬಳಿ ಕಳುಹಿಸಿದರು. ಡೇವಿಡ್ ಬಾರ್ಲೋ ಎಂಬುವವರ ಸಂಶೋಧನೆಯ ಪ್ರಕಾರ ಎರಡಕ್ಕೂ ಒಂದೇ ಚಿಕಿತ್ಸೆ ಸಾಕು ಎನ್ನುವುದು ಆ ಮನೋವಿಜ್ಞಾನಿಯ ಮಾತು. ನನಗೆ ತಲೆಗೆ ಹತ್ತುತ್ತಿಲ್ಲ. ಎದೆ ಡವಗುಟ್ಟಿ ಎದ್ದು ಓಡಬೇಕೆನಿಸುವುದೇ ಬೇರೆ, ಹಾಸಿಗೆಯಿಂದ ಏಳಲೂ ಮನಸ್ಸಾಗದಿರುವುದೇ ಬೇರೆ ಅಲ್ಲವೇ? ಸಾಲದ್ದಕ್ಕೆ ಮುಂದಿನ ಭೇಟಿಯಲ್ಲಿ ಸಣ್ಣ ಸ್ಟ್ರಾ ಬಾಯಿಗಿಟ್ಟು ಉಸಿರಾಡಿಸುತ್ತಾರಂತೆ, ತಿರುಗುವ ಕುರ್ಚಿಯಲ್ಲಿ ಕೂರಿಸಿ ಸುತ್ತಿಸುತ್ತಾರಂತೆ. ಇದು ಚಿಕಿತ್ಸೆಯೋ ಶಿಕ್ಷೆಯೋ? ಹೃದಯದ ಪರೀಕ್ಷೆಗಳೆಲ್ಲ ಆಗಿವೆ, ದೋಷವಿಲ್ಲ ಎಂದಿದ್ದಾರೆ.

ಅಡಿಟಿಪ್ಪಣಿ:
ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವಳು ನಾನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮಗೆ ಬೇರೆ ಬೇರೆ ಎನಿಸುವುದು ಸಹಜ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಮೂರನೇ ಆವೃತ್ತಿ ಬಂದಾಗ, ಅಲ್ಲಿಯವರೆಗೆ ಕೆಲವೇ ಹೆಸರುಗಳಡಿ ಇದ್ದ ಆತಂಕವನ್ನು ಹಲವು ಕಾಯಿಲೆಗಳಾಗಿ ಒಡೆಯಲಾಯಿತು. ಆಮೇಲೆ ಕಾಯಿಲೆಗೊಂದು ಚಿಕಿತ್ಸಾ ಕೈಪಿಡಿ ಬರತೊಡಗಿತು. ಪ್ಯಾನಿಕ್‌ನ ಕೈಪಿಡಿಯನ್ನು ರೂಪಿಸಿದವರಲ್ಲಿ ಬಾರ್ಲೋ ಅವರೇ ಪ್ರಮುಖರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ: ಬೇಲಿ ಹಾಕಿದವರೇ ಬೇಲಿ ಕಿತ್ತರು. ಬಾಸ್ಟನ್ ವಿಶ್ವವಿದ್ಯಾಲಯದ ಆತಂಕ ಚಿಕಿತ್ಸಾ ಕೇಂದ್ರಕ್ಕೆ ಒಂದೇ ಕಾಯಿಲೆ ಹೊತ್ತು ಬರುವವರಿಗಿಂತ ನಿಮ್ಮಂತೆ ಎರಡು ಮೂರು ಹೊತ್ತು ಬರುವವರೇ ಹೆಚ್ಚು. ಯಾವ ಕೈಪಿಡಿಯಿಂದ ಶುರು ಮಾಡುವುದು? ಅದಕ್ಕೇ ಬಾರ್ಲೋ ತಂಡ ಇವೆಲ್ಲಕ್ಕೂ ಹೊಂದುವ ಒಂದೇ ಏಕೀಕೃತ ಚಿಕಿತ್ಸೆಯನ್ನು ರೂಪಿಸಿತು.

1991ರಲ್ಲಿ ಮನೋವಿಜ್ಞಾನಿಗಳಾದ ಲೀ ಆನಾ ಕ್ಲಾರ್ಕ್ ಮತ್ತು ಡೇವಿಡ್ ವಾಟ್ಸನ್ ಮಂಡಿಸಿದ ವಿಚಾರ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಮನಸ್ಸು ಪದೇ ಪದೇ ಕಳವಳ, ಬೇಸರ, ಕಿರಿಕಿರಿಯ ಕಡೆ ವಾಲುವುದು ಆತಂಕ, ಖಿನ್ನತೆ ಎರಡಕ್ಕೂ ಸಮಾನ. ಅದರ ಮೇಲೆ ಮೈಯೆಲ್ಲ ಎಚ್ಚೆತ್ತು ಎದೆ ಹೊಡೆದುಕೊಂಡರೆ ಆತಂಕದ ಬಣ್ಣ, ಯಾವುದರಲ್ಲಿಯೂ ಖುಷಿಯೇ ಹುಟ್ಟದಿದ್ದರೆ ಖಿನ್ನತೆಯ ಬಣ್ಣ. ನೀವು ವ್ಯತ್ಯಾಸಗಳನ್ನು ಸರಿಯಾಗಿಯೇ ಗುರುತಿಸಿದ್ದೀರಿ. ಬಾರ್ಲೋ ಕೈ ಹಾಕಿದ್ದು ಕೆಳಗಿನ ಸಮಾನ ಪದರಕ್ಕೆ. ಅಲ್ಲಿ ಅವರು ಕಂಡದ್ದು, ಭಾವನೆ ಎದ್ದ ಕೂಡಲೇ ಅದಕ್ಕೆ ಬೆಚ್ಚಿ ತಪ್ಪಿಸಿಕೊಳ್ಳುವ ಚಾಳಿ. ಫೋನ್ ಗಂಟೆ ಬಾರಿಸುತ್ತದೆ ಎಂದುಕೊಳ್ಳಿ. ಆತಂಕದವರು ಮಾತನಾಡುವಾಗ ಧ್ವನಿ ನಡುಗೀತು ಎಂದು ಎತ್ತುವುದಿಲ್ಲ. ಖಿನ್ನತೆಯವರು ಮಾತನಾಡಿ ಏನು ಪ್ರಯೋಜನ ಎಂದು ಎತ್ತುವುದಿಲ್ಲ. ಎತ್ತದಿದ್ದಾಗ ಇಬ್ಬರಿಗೂ ಒಂದು ಕ್ಷಣ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಬಾರಿಯೂ ಎತ್ತದಂತೆ ಮಾಡುತ್ತದೆ.

ಇನ್ನು ಸ್ಟ್ರಾ. ಮೂಗು ಹಿಡಿದುಕೊಂಡು ಸಪೂರ ಸ್ಟ್ರಾದ ಮೂಲಕ ಒಂದೆರಡು ನಿಮಿಷ ಉಸಿರಾಡಬೇಕು. ಅರ್ಧ ನಿಮಿಷದೊಳಗೆ ಗಾಳಿ ಸಾಲದು ಎನಿಸುತ್ತದೆ, ಕುತ್ತಿಗೆಯ ಸ್ನಾಯು ಬಿಗಿಯುತ್ತದೆ, ಕಣ್ಣು ಗಡಿಯಾರದ ಮುಳ್ಳಿಗೆ ಅಂಟಿಕೊಳ್ಳುತ್ತದೆ. ಮುಗಿದ ಮೇಲೆ ಮೂರು ಪ್ರಶ್ನೆ: ಮೈಯಲ್ಲಾದ ಅನುಭವ ಎಷ್ಟು ತೀವ್ರ, ಹೆದರಿಕೆ ಎಷ್ಟು, ನಿಮ್ಮ ನಿಜವಾದ ಪ್ಯಾನಿಕ್‌ಗೆ ಎಷ್ಟು ಹತ್ತಿರ? ಅಂಕ ಕೊಡುತ್ತೀರಿ. ನಿಮ್ಮ ಪ್ಯಾನಿಕ್ ಅನ್ನು ಹೆಚ್ಚು ಹೋಲುವ ವ್ಯಾಯಾಮವೇ ನಿಮ್ಮದು. ಕೆಲವರಿಗೆ ಸ್ಟ್ರಾ, ಕೆಲವರಿಗೆ ಕುರ್ಚಿ, ಕೆಲವರಿಗೆ ನಿಂತಲ್ಲೇ ಓಡುವುದು. ಎದೆ ಬಡಿದುಕೊಂಡರೆ ಪ್ರಾಣವೇ ಹೋಗುತ್ತದೆ ಎಂದು ನಿಮ್ಮ ಮೈ ಎಲ್ಲೋ ಕಲಿತುಬಿಟ್ಟಿದೆ. ಇಂಥ ಪಾಠ ಬರೀ ಮಾತಿಗೆ ಬಗ್ಗುವುದಿಲ್ಲ. ಎದೆ ಬಡಿದುಕೊಂಡರೂ ಪ್ರಾಣ ಹೋಗುವುದಿಲ್ಲ ಎಂದು ಮೈಯೇ ಅನುಭವಿಸಿ ಕಲಿಯಬೇಕು, ಈ ವ್ಯಾಯಾಮಗಳು ಅದಕ್ಕೇ. ಆಸ್ತಮಾ, ಮೂರ್ಛೆರೋಗ, ಗರ್ಭಧಾರಣೆ ಇದ್ದರೆ ಮೊದಲೇ ಹೇಳಿ. ವ್ಯಾಯಾಮ ಬದಲಾಗುತ್ತದೆ ಅಥವಾ ಬೇಡವೇ ಬೇಡ ಎನ್ನುತ್ತಾರೆ. ಇದನ್ನು ಓದಿ ಇವತ್ತೇ ಒಬ್ಬರೇ ಪ್ರಯತ್ನಿಸಬೇಡಿ.

ಎರಡನೇ ಓದು:
ಅಡಿಟಿಪ್ಪಣಿಯವರು ಚೆನ್ನಾಗಿ ಬರೆದಿದ್ದಾರೆ. ಆದರೆ ಸ್ವಲ್ಪ ತಣ್ಣೀರು ಎರಚುವುದು ನನ್ನ ಅಭ್ಯಾಸ. ಬಾರ್ಲೋ ತಂಡದ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 223 ಜನರಲ್ಲಿ ಕೆಲವರಿಗೆ ಈ ಏಕೀಕೃತ ಚಿಕಿತ್ಸೆ, ಕೆಲವರಿಗೆ ಅವರವರ ಕಾಯಿಲೆಯ ಕೈಪಿಡಿ, ಉಳಿದವರು ಸರದಿಯಲ್ಲಿ ಕಾದರು. ಎರಡೂ ಚಿಕಿತ್ಸೆಗಳ ಫಲ ಸಮಸಮ. ಏಕೀಕೃತ ಚಿಕಿತ್ಸೆಯಲ್ಲಿ ನಡುವೆ ಬಿಟ್ಟುಹೋದವರು ಕಡಿಮೆ. ಆದರೆ ಅಲ್ಲಿದ್ದವರ ಮುಖ್ಯ ಕಾಯಿಲೆ ಪ್ಯಾನಿಕ್, ಸಾಮಾನ್ಯೀಕೃತ ಆತಂಕ (ಎಲ್ಲದಕ್ಕೂ ಸದಾ ಕಳವಳಪಡುವುದು), ಗೀಳು, ಸಾಮಾಜಿಕ ಆತಂಕ, ಈ ನಾಲ್ಕೇ. ಖಿನ್ನತೆ ಮುಖ್ಯವಾಗಿದ್ದವರು ಆ ಪ್ರಯೋಗದಲ್ಲಿ ಇರಲಿಲ್ಲ. ಮೇಲಾಗಿ ಚಿಕಿತ್ಸೆ ರೂಪಿಸಿದ ಕೇಂದ್ರದಲ್ಲಿಯೇ ಪರೀಕ್ಷೆಯೂ ನಡೆಯಿತು. ನಿಮ್ಮಲ್ಲಿ ಯಾವುದು ಮುಂದಿದೆ ಎಂದು ನಿಮ್ಮ ಮನೋವಿಜ್ಞಾನಿಯನ್ನು ನೇರವಾಗಿ ಕೇಳಿ.

ಅಡಿಟಿಪ್ಪಣಿ:
ಆಕ್ಷೇಪ ಸರಿಯಾಗಿದೆ. ಖಿನ್ನತೆಗೆ ಬೇರೆ ದಿಕ್ಕಿನಿಂದ ಆಧಾರವಿದೆ. 1996ರಲ್ಲಿ ಮನೋವಿಜ್ಞಾನಿ ನೀಲ್ ಜೇಕಬ್ಸನ್ ಅವರ ತಂಡ ಅರಿವಿನ ಚಿಕಿತ್ಸೆಯನ್ನು (ಯೋಚನೆಗಳನ್ನು ಪರೀಕ್ಷಿಸಿ ಬದಲಿಸುವ ಚಿಕಿತ್ಸೆ) ಬಿಡಿಬಿಡಿಯಾಗಿ ಬಿಚ್ಚಿ ನೋಡಿತು. ದಿನಚರಿಗೆ ಚಟುವಟಿಕೆಗಳನ್ನು ಮರಳಿ ಸೇರಿಸುವ ಭಾಗವೊಂದೇ ಪೂರ್ತಿ ಚಿಕಿತ್ಸೆಯಷ್ಟು ಫಲ ಕೊಟ್ಟಿತು. ಮನಸ್ಸು ಬರಲಿ, ಆಮೇಲೆ ಏಳುತ್ತೇನೆ ಎಂದು ಕಾಯುವುದೂ ತಪ್ಪಿಸಿಕೊಳ್ಳುವಿಕೆಯೇ.

ನಡುಹಗಲು:
ಇಬ್ಬರಿಗೂ ವಂದನೆಗಳು. ಖಿನ್ನತೆಗಿಂತ ಪ್ಯಾನಿಕ್ ಮೊದಲು ಶುರುವಾದದ್ದು, ಹೊರಗೆ ಹೋಗುವುದು ನಿಂತ ಮೇಲೆ ಉಳಿದದ್ದೆಲ್ಲ ಬಂತು. ಎರಡು ಪ್ರಶ್ನೆಗಳಿವೆ. ಸ್ಟ್ರಾ ಹಿಡಿದಾಗ ಹೆದರಿಕೆ ಇಳಿಯದೇ ಹೋದರೆ? ಮತ್ತೆ, ಜೇಬಿನಲ್ಲಿ ಸದಾ ಒಂದು ಮಾತ್ರೆ ಇಟ್ಟುಕೊಂಡಿರುತ್ತೇನೆ, ನುಂಗುವುದಿಲ್ಲ, ಬೆರಳಿಗೆ ತಾಗಿದರೆ ಧೈರ್ಯ. ಅದೂ ತಪ್ಪೇ?

ಅಡಿಟಿಪ್ಪಣಿ:
ಇಳಿಯಲೇಬೇಕೆಂದಿಲ್ಲ. ಹಿಂದೆ ಹಾಗೆ ನಂಬಿದ್ದರು. ಮನೋವಿಜ್ಞಾನಿ ಮಿಷೆಲ್ ಕ್ರಾಸ್ಕ್ ಅವರ ಕೆಲಸ ಬಂದ ಮೇಲೆ ಒತ್ತು ಬೇರೆ ಕಡೆ ಹೋಗಿದೆ. ಶುರು ಮಾಡುವ ಮೊದಲು, ಏನಾಗುತ್ತದೆ ಎಂದು ಹೆದರಿದ್ದೀರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. "ಏನೋ ಆಗುತ್ತದೆ" ಎಂದಲ್ಲ, "ಒಂದು ನಿಮಿಷದೊಳಗೆ ಪ್ರಜ್ಞೆ ತಪ್ಪುತ್ತದೆ" ಎಂದು. ಮುಗಿದ ಮೇಲೆ ಹಾಗಾಯಿತೇ ಎಂದು ನೋಡಿ. ಹೆದರಿಕೆ ಹಾಗೇ ಇದ್ದು ಪ್ರಜ್ಞೆಯೂ ಇದ್ದರೆ ಆ ದಿನದ ಕೆಲಸ ಆಯಿತು.

ಜೇಬಿನ ಮಾತ್ರೆಯ ವಿಷಯ ನಿಮ್ಮ ಮನೋವಿಜ್ಞಾನಿಗೆ ಹೇಳಿ. ಏನೂ ಆಗದೆ ಉಳಿದುದಕ್ಕೆ ಶಾಭಾಸ್‌ಗಿರಿ ಪ್ರತಿ ಸಲವೂ ಆ ಮಾತ್ರೆಗೇ ಹೋಗುತ್ತಿದೆ, ನಿಮಗೆ ಸಿಗುತ್ತಿಲ್ಲ. ಅದನ್ನು ಬಿಟ್ಟು ಹೊರಡುವುದೂ ಮುಂದೆ ಒಂದು ವ್ಯಾಯಾಮವಾಗುತ್ತದೆ. ದಿನವೂ ನುಂಗುವ ಮಾತ್ರೆಯ ಮಾತು ಬೇರೆ. ಅದನ್ನು ಮನೋವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.