ಗಡ್ಡದ ಓತಿಕ್ಯಾತಕ್ಕೆ ಮೀನಿನ ತೊಟ್ಟಿ ಸಾಕಾ?

ಸಿಡ್ನಿಕಾಫಿ:

ಎಲ್ಲರಿಗೂ ನಮಸ್ಕಾರ. ಊರು ಸಕಲೇಶಪುರದ ಕಡೆ, ಒಂಬತ್ತು ವರ್ಷದಿಂದ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿದ್ದೀವಿ. ಮಗನಿಗೆ ಹನ್ನೊಂದು. ನಾಯಿ ಬೇಡ ಅಂದೆ, ಬೆಕ್ಕೂ ಬೇಡ ಅಂದೆ, ಕೊನೆಗೆ ಬಿಯರ್ಡೆಡ್ ಡ್ರಾಗನ್ ಬೇಕು ಅಂತ ಹಟ ಹಿಡಿದು ಕೂತ. ಫೋಟೋ ನೋಡಿದ್ರೆ ನಮ್ಮ ತೋಟದ ಬೇಲಿ ಮೇಲೆ ತಲೆ ಆಡಿಸ್ಕೊಂಡು ಕೂರೋ ಓತಿಕ್ಯಾತವೇ! ಸ್ವಲ್ಪ ದಪ್ಪ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ, ಅಷ್ಟೇ. ಚಿಕ್ಕವಳಿದ್ದಾಗ ಅದಕ್ಕೆ ಕಲ್ಲು ಹೊಡೆದ ಪಾಪ ಈಗ ತೀರಿಸ್ತಾ ಇದ್ದೀನಿ ಅನ್ಸುತ್ತೆ.

ಇದನ್ನ ಸಾಕೋ ಲೈಸೆನ್ಸ್ ನನ್ನ ಹೆಸರಲ್ಲೇ ಮಾಡಿಸಿದೆ (16 ತುಂಬದವರಿಗೆ ಇಲ್ಲಿ ಕೊಡಲ್ಲ). ಮರಿಗೆ ನಾಲ್ಕು ತಿಂಗಳು, ಮುಂದಿನ ಶನಿವಾರ ಮನೆಗೆ ಬರುತ್ತೆ. ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಸೆಟ್ ತಗೊಂಡಿದ್ದೀನಿ: 90 ಸೆಂ.ಮೀ. ಉದ್ದದ ಗಾಜಿನ ಮೀನಿನ ತೊಟ್ಟಿ, ಮೇಲೆ ಜಾಲರಿ, ಒಂದು ಚೀಲ ಕ್ಯಾಲ್ಸಿಯಂ ಮರಳು, ರಾತ್ರಿಗೆ ಅಂತ ಕೆಂಪು ಬಲ್ಬು, ಕರೆಂಟಲ್ಲಿ ಬಿಸಿಯಾಗೋ ಕಲ್ಲು, ಗಾಜಿಗೆ ಅಂಟಿಸೋ ಥರ್ಮಾಮೀಟರು. ಯುವಿ (ಅತಿನೇರಳೆ ಕಿರಣದ) ಲೈಟ್ ಇರ್ಲಿಲ್ಲ. ಬೆಳಗಿನ ಬಿಸಿಲು ಬೀಳೋ ಕಿಟಕಿ ಹತ್ರ ಇಟ್ರೆ ಸಾಕು ಅಂದ್ರು. 130 ಡಾಲರ್ ಕೊಟ್ಟಾಗಿದೆ. ಇದರಲ್ಲಿ ನಡೆಯುತ್ತಾ?

ಬೇಲಿಗೂಟ:

ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ 130 ಡಾಲರಲ್ಲಿ ಕೆಲಸಕ್ಕೆ ಬರೋದು ತೊಟ್ಟಿ ಒಂದೇ, ಅದೂ ಕೆಲವು ತಿಂಗಳು. ಬೆಳೆದ ಮೇಲೆ ಕಮ್ಮಿ ಅಂದ್ರೂ 120 ಉದ್ದ, 60 ಅಗಲ, 60 ಎತ್ತರ ಬೇಕು. ಆಗ ಮುಂದುಗಡೆ ಗಾಜಿನ ಬಾಗಿಲು ಸರಿಯೋ ಮರದ್ದು ತಗೊಳ್ಳಿ. ಹದ್ದು ಬರೋದು ಮೇಲಿಂದ. ಅದಕ್ಕೇ ಮೇಲಿಂದ ಕೈ ಇಳಿದ್ರೆ ಇವುಕ್ಕೆ ಜೀವ ಹೋದಂಗಾಗುತ್ತೆ.

ಕಿಟಕಿ ವಿಚಾರ ಮೊದಲು ಹೇಳ್ತೀನಿ, ಯಾಕಂದ್ರೆ ನಾನು ಕೆಟ್ಟಿದ್ದೇ ಅಲ್ಲಿ. ನಾನಿರೋದು ವಿಕ್ಟೋರಿಯಾದ ಮಿಲ್ಡುರಾದಲ್ಲಿ. ಊರಾಚೆ ದ್ರಾಕ್ಷಿ ತೋಟದ ಬೇಲಿಗೂಟದ ಮೇಲೆ ಇವು ಬಿಸಿಲು ಕಾಯಿಸ್ಕೊಂಡು ಕೂತಿರ್ತವೆ (ನನ್ನ ಹೆಸರು ಬಂದಿದ್ದು ಹಾಗೆ, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ ನಮ್ಮಜ್ಜಿ ಅಂತಿದ್ರು). ಇಷ್ಟು ಬಿಸಿಲಿರೋ ಊರಲ್ಲಿ ಲೈಟಿಗೆ ಯಾಕೆ ದುಡ್ಡು ಅಂತ ಮೊದಲನೇದನ್ನ ಕಿಟಕಿ ಪಕ್ಕ ಇಟ್ಟೆ. ಗಾಜು ಬೆಳಕು ಬಿಡುತ್ತೆ, ಬಿಸಿಲಲ್ಲಿರೋ ಯುವಿಬಿ ಅನ್ನೋ ಅತಿನೇರಳೆ ಕಿರಣನ ಹೆಚ್ಚುಕಮ್ಮಿ ಬಿಡೋದೇ ಇಲ್ಲ. ಯುವಿಬಿ ಬೀಳದೆ ಮೈಯಲ್ಲಿ ವಿಟಮಿನ್ ಡಿ3 ಆಗಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಹತ್ತಲ್ಲ, ಕೊನೆಗೆ ದೇಹ ತನ್ನ ಮೂಳೆಯನ್ನೇ ಕರಗಿಸುತ್ತೆ. ಮೊದಲು ಮುಂಗಾಲಿನ ಬೆರಳು ಸಣ್ಣಗೆ ಅದುರೋಕೆ ಶುರುವಾಯ್ತು. ಚಳಿ ಇರ್ಬೇಕು ಅಂದ್ಕೊಂಡೆ. ಎರಡು ವಾರಕ್ಕೆ, ಹುಳು ಕಚ್ಚೋಕೆ ಹೋದಾಗ ಕೆಳದವಡೆ ರಬ್ಬರಿನ ಥರ ಬಾಗ್ತು. ಡಾಕ್ಟ್ರು ಎಕ್ಸ್-ರೇ ಹಿಡಿದು ತೋರಿಸಿದ್ರೆ ಮೂಳೆ ಎಲ್ಲಿದೆ ಅಂತ ಹುಡುಕಬೇಕಿತ್ತು. ಬದುಕಿದೆ. ದವಡೆ ಇವತ್ತಿಗೂ ಸೊಟ್ಟ, ಸೊಪ್ಪನ್ನ ಕೋಸಂಬರಿಗೆ ಹೆಚ್ಚಿದ ಹಾಗೆ ಹೆಚ್ಚಿ ಕೊಡ್ತೀನಿ.

ಆದ್ದರಿಂದ ಟಿ5 ಅನ್ನೋ ತೆಳು ಯುವಿ ಟ್ಯೂಬ್‌ಲೈಟು, ಯುವಿಬಿ 10 ಅಥವಾ 12 ಪರ್ಸೆಂಟಿನದು, ತೊಟ್ಟಿಯ ಉದ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋ ಹಾಗೆ. ಸುರುಳಿ ಬಲ್ಬು ಬೇಡ. ಜಾಲರಿ ಮೇಲಿಟ್ರೆ ಜಾಲರಿಯೇ ಒಂದು ಪಾಲು ನುಂಗುತ್ತೆ, ಒಳಗೇ ಕಟ್ಟಿ. ಹಾಕಿದ ತಾರೀಕನ್ನ ಮಾರ್ಕರಲ್ಲಿ ಟ್ಯೂಬಿನ ತುದಿಗೆ ಬರೀರಿ. ವರ್ಷದ ಮೇಲೂ ಬೆಳಕು ಬರ್ತಾನೇ ಇರುತ್ತೆ, ಒಳಗಿನ ಯುವಿಬಿ ಇಳಿದಿರುತ್ತೆ.

ಶಾಖ ಒಂದೇ ತುದಿಗೆ. ಒಂದು ಕಡೆ ಮೇ ತಿಂಗಳ ರಾಯಚೂರು, ಇನ್ನೊಂದು ಕಡೆ ಬೆಂಗಳೂರು, ಅಷ್ಟೇ ಲೆಕ್ಕ. ಹಾರ್ಡ್‌ವೇರ್ ಅಂಗಡಿಯ ಬಿಳಿ ಹ್ಯಾಲೊಜನ್ ಸ್ಪಾಟ್ ಸಾಕು. ಕೆಳಗೆ ಒಂದು ಚಪ್ಪಡಿ ಕಲ್ಲು, ಅದರ ಮೇಲ್ಮೈ 40 ಡಿಗ್ರಿ ಆಸುಪಾಸು. ಆಚೆ ತುದಿ 25ರ ಹತ್ರ. ಬೆಚ್ಚಗೆ ಬೇಕಾದ್ರೆ ಇಲ್ಲಿಗೆ, ತಂಪು ಬೇಕಾದ್ರೆ ಅಲ್ಲಿಗೆ ಅಂತ ಅದೇ ಓಡಾಡ್ಕೊಳ್ಳುತ್ತೆ. ಯುವಿ ಟ್ಯೂಬೂ ಬಿಸಿ ತುದಿಯಿಂದಲೇ ಶುರುವಾಗ್ಲಿ.

ಕರೆಂಟಿನ ಕಲ್ಲು ಇವತ್ತೇ ಎಸೀರಿ, ಹೊಟ್ಟೆ ಸುಟ್ಟುಕೊಂಡ ಕೇಸು ನೋಡಿದ್ದೀನಿ. ಕೆಂಪು ಬಲ್ಬೂ ಬೇಡ, ಅದರ ಕಣ್ಣಿಗೆ ಕೆಂಪು ಚೆನ್ನಾಗೇ ಕಾಣುತ್ತೆ, ನಿದ್ದೆ ಕೆಡುತ್ತೆ. ರಾತ್ರಿ ಪೂರ್ತಿ ಕತ್ತಲು. ಇಲ್ಲಿನ ಜುಲೈ ಚಳಿಗಾಲದಲ್ಲಿ ಮನೆ ತೀರಾ ತಣ್ಣಗಾದ್ರೆ ಬೆಳಕಿಲ್ಲದ ಸೆರಾಮಿಕ್ ಹೀಟರು, ಥರ್ಮೋಸ್ಟಾಟ್ ಜೊತೆಗೆ. ಅಂಟಿಸೋ ಥರ್ಮಾಮೀಟರು ಹೇಳೋದು ಗಾಜಿನ ಕಥೆ, ಕಲ್ಲಿನದ್ದಲ್ಲ. ದೂರದಿಂದಲೇ ಶಾಖ ಅಳೆಯೋ ಟೆಂಪರೇಚರ್ ಗನ್ ತಗೊಳ್ಳಿ. ಮರಿ ಬರೋಕೆ ಮುಂಚೆ ಮೂರು ದಿನ ಎಲ್ಲ ಹಾಕಿ ಓಡಿಸಿ, ಅಳತೆ ಇಲ್ಲಿ ಬರೀರಿ.

ಮರಳಿನ ಬದಲು ಸದ್ಯಕ್ಕೆ ಪೇಪರ್ ಟವೆಲ್.

ಕೆಂಪುಮಣ್ಣು:

ಮರುಭೂಮಿ ಪ್ರಾಣಿಗೆ ಮರಳು ಬೇಡ ಅನ್ನೋದು ವಿಚಿತ್ರ. ನನ್ನದು ಆರು ವರ್ಷದಿಂದ ಮರಳಲ್ಲೇ ಇದೆ, ಏನೂ ಆಗಿಲ್ಲ. ಇಂಟರ್ನೆಟ್ಟಲ್ಲಿ ಹೆದರಿಸೋರು ಜಾಸ್ತಿ.

ಬೇಲಿಗೂಟ:

ಸರ್, ನಿಮ್ಮದು ದೊಡ್ಡದು, ಶಾಖ ಸರಿಯಾಗಿದ್ರೆ ಜೀರ್ಣ ಆಗುತ್ತೆ, ಒಪ್ತೀನಿ. ಆದ್ರೆ ಇಲ್ಲಿ ಕಾಡಲ್ಲಿ ಅದು ಓಡಾಡೋ ನೆಲ ಹೆಚ್ಚಾಗಿ ಗಟ್ಟಿ ಕೆಂಪುಮಣ್ಣು, ಬರೀ ಸಡಿಲ ಮರಳಲ್ಲ (ನಿಮ್ಮ ಹೆಸರೇ ಹೇಳ್ತಿದೆ). ದೊಡ್ಡದಾದ ಮೇಲೆ ಮಣ್ಣು-ಮರಳು ಕಲಸಿ ಒಣಗಿಸಿ ಹಾಕ್ಲಿ, ತಕರಾರಿಲ್ಲ. ಅಕ್ಕ ತಂದಿರೋ ಕ್ಯಾಲ್ಸಿಯಂ ಮರಳು ಬೇರೆ ಜಾತಿ, ಒದ್ದೆಯಾದ್ರೆ ಗಂಟು ಕಟ್ಟುತ್ತೆ. ಮರಿ ಹುಳು ಹಿಡಿಯೋಕೆ ನುಗ್ಗಿದಾಗಲೆಲ್ಲ ಅದನ್ನೂ ಒಂದು ತುತ್ತು ತಿನ್ನುತ್ತೆ.

ದಾಸವಾಳ:

ಬ್ರಿಸ್ಬೇನಿಂದ. ಮನೆ ಬಗ್ಗೆ ಮೇಲಿನವರು ಹೇಳಿದ್ದಾರೆ, ಊಟಕ್ಕೆ ನನ್ನದೆರಡು ಮಾತು. ಮರಿಗೆ ಹೆಚ್ಚು ಹುಳು, ದೊಡ್ಡದಾದ ಮೇಲೆ ಹೆಚ್ಚು ಸೊಪ್ಪು. ಅದರ ಎರಡು ಕಣ್ಣಿನ ಮಧ್ಯದ ಅಂತರಕ್ಕಿಂತ ದೊಡ್ಡ ಹುಳು ಹಾಕ್ಬೇಡಿ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ, ನಿಪ್ಪಟ್ಟಿನ ಹಿಟ್ಟು ಸವರೋ ಹಾಗಲ್ಲ, ವಿಭೂತಿಯಷ್ಟು. ಪಾಲಕ್ ಆರೋಗ್ಯ ಅಂತ ದಿನಾ ಕೊಡ್ಬೇಡಿ, ಅದರ ಆಕ್ಸಲೇಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ಬೆಣ್ಣೆಹಣ್ಣು ವಿಷ, ತುಣುಕೂ ಬೇಡ. ಕುಂಬಳಕಾಯಿ ತುರಿ, ಬಾಕ್ ಚಾಯ್ ಸೊಪ್ಪು ಆಗುತ್ತೆ. ಔಷಧಿ ಹೊಡೆಯದ ದಾಸವಾಳ ಹೂವಂತೂ ನಮ್ಮದಕ್ಕೆ ಪ್ರಾಣ. ದೇವರಿಗೆ ಅಂತ ಕಿತ್ತಿಟ್ಟಿದ್ದನ್ನ ಇದೇ ತಿಂದು ಮುಗಿಸಿದೆ.

ಹುಳುವಿಗೆ ವುಡೀ ತಗೊಳ್ಳಿ. ಕ್ರಿಕೆಟ್ ಹುಳು ರಾತ್ರಿಯೆಲ್ಲ ಕಿರುಚುತ್ತೆ.

ಇನ್ನೊಂದು: ಜೊತೆಗಿರಲಿ ಅಂತ ಎರಡು ತರ್ಬೇಡಿ. ಒಂದರ ಮೇಲೊಂದು ಮಲಗಿದ್ರೆ ಪ್ರೀತಿ ಅಲ್ಲ, ಮೇಲಿರೋದು ಕೆಳಗಿನದರ ಬಿಸಿಲು ಕಿತ್ಕೊಳ್ತಿದೆ.

ಸಿಡ್ನಿಕಾಫಿ:

ವುಡೀ ಅಂದ್ರೆ ಜಿರಳೆ ಅಂತ ಅಂಗಡೀಲಿ ಡಬ್ಬ ನೋಡಿದ ಮೇಲೆ ಗೊತ್ತಾಯ್ತು. ದುಡ್ಡು ಕೊಟ್ಟು ಮನೆಗೆ ಜಿರಳೆ ತರೋಕೆ ನನ್ನ ಕೈಲಾಗಲ್ಲ, ಕ್ರಿಕೆಟ್ಟೇ ತಂದೆ.

ಟ್ಯೂಬು, ಹ್ಯಾಲೊಜನ್, ಗನ್ ಬಂತು. ಮೂರು ದಿನ ಓಡಿಸಿದೆ. ಕಲ್ಲು 49, ಆಚೆ ತುದಿ 32! ಮಗ ಗನ್ ಹಿಡ್ಕೊಂಡು ಮನೆಯೆಲ್ಲಾ ಅಳೆದ. ದೋಸೆ ಹೆಂಚು 210, ಅವರಪ್ಪನ ಬೋಳುತಲೆ 33.

ಬೇಲಿಗೂಟ:

ಕಲ್ಲಿಗೆ ಬಲ್ಬು ಹತ್ರ ಆಗಿದೆ. ಕಲ್ಲನ್ನ ಒಂದು ಹಂತ ಇಳಿಸಿ, ಇಲ್ಲಾ ಬಲ್ಬಿಗೆ ಡಿಮ್ಮರ್ ಹಾಕಿ. ಆಚೆ ತುದೀಲಿ ಜಾಲರಿ ಮೇಲೆ ಏನಾದ್ರೂ ಮುಚ್ಚಿದ್ರೆ ತೆಗೀರಿ, ಗಾಳಿ ಆಡ್ಲಿ. ಕಿಟಕಿಯಿಂದಲೂ ದೂರ ಸರಿಸಿ, ಬಿಸಿಲು ಬಿದ್ರೆ ಗಾಜಿನ ತೊಟ್ಟಿ ಒಲೆ ಆಗುತ್ತೆ.

ಸಿಡ್ನಿಕಾಫಿ:

ಕಿಟಕಿಯಿಂದ ತೆಗೆದು ಹಾಲ್‌ನ ಒಳಗೋಡೆ ಪಕ್ಕ ಇಟ್ಟೆ. ಈಗ 41, 26. ಮರಿ ನಿನ್ನೆ ಬಂತು. ಒಂದು ಗಂಟೆ ಅವಿತಿತ್ತು, ಆಮೇಲೆ ಕಲ್ಲು ಹತ್ತಿ ಮೈ ದೋಸೆ ಥರ ಚಪ್ಪಟೆ ಮಾಡ್ಕೊಂಡು ಬಾಯಿ ಅಗಲ ತೆರೆದು ಕೂತ್ಬಿಡ್ತು. ಸತ್ತೇ ಹೋಗುತ್ತೆ ಅಂತ ಮಗ ಅಳೋಕೆ ಶುರು.

ಬೇಲಿಗೂಟ:

ಅದು ಸುಖ ಅಕ್ಕಾ. ಮೈ ಸಾಕಷ್ಟು ಬಿಸಿಯಾದ್ರೆ ಬಾಯಿ ತೆರೆದು ಶಾಖ ಬಿಡುತ್ತೆ. ತಂಪು ತುದೀಲೂ ಹಾಗೇ ಬಾಯಿ ಕಳೀತಾ ಕೂತ್ರೆ ಮಾತ್ರ ಹೇಳಿ.

ಸಿಡ್ನಿಕಾಫಿ:

ಇಲ್ಲ, ಅರ್ಧ ಗಂಟೆ ಬಿಟ್ಟು ತಾನೇ ಇಳಿದು ತಂಪಿನ ಕಡೆ ಹೋಯ್ತು. ನಾಲ್ಕು ಹುಳು ತಿಂತು. ಐದನೇದು ಡಬ್ಬದಿಂದ ಹಾರಿ ತಪ್ಪಿಸ್ಕೊಂಡು ದೇವರಗೂಡಿನ ಹಿಂದೆ ಸೇರ್ಕೊಂಡಿದೆ. ರಾತ್ರಿ ಎರಡು ಗಂಟೆಯಿಂದ ಕಿರುಚ್ತಾ ಇದೆ. ಬೆಳಿಗ್ಗೆ ಅತ್ತೆ ವಿಡಿಯೋ ಕಾಲಲ್ಲಿ ಕೇಳಿಸ್ಕೊಂಡು, "ಪರವಾಗಿಲ್ವೇ, ಅಲ್ಲೂ ಮಳೆಗಾಲದ ಥರಾನೇ ಇದೆ" ಅಂದ್ರು. ದಾಸವಾಳ ಅವರೇ, ನಾಳೆ ವುಡೀ ತರ್ತೀನಿ.