ಫೋನ್ ಪಿನ್ ಮನೆಯವರಿಗೆಲ್ಲ ಗೊತ್ತು, ಸಿಗ್ನಲ್‌ಗೆ ಹಾಕಿದ ಲಾಕ್ ತಮ್ಮನನ್ನು ತಡೀತಿಲ್ಲ

ಕಾಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನ್ನದು ಆಂಡ್ರಾಯ್ಡ್ ಫೋನ್. ತಮ್ಮ ಗೇಮ್ ಆಡೋಕೆ, ಅಮ್ಮ ವಿಡಿಯೋ ಕಾಲ್‌ಗೆ ಅಂತ ತಗೊಳ್ತಾ ಇರ್ತಾರೆ, ಹಾಗಾಗಿ ಪಿನ್ ಎಲ್ಲರಿಗೂ ಗೊತ್ತು. ಸಿಗ್ನಲ್ ಅನ್ನೋ ಮೆಸೇಜ್ ಆಪ್‌ನಲ್ಲಿ ಸ್ಕ್ರೀನ್ ಲಾಕ್ ಆನ್ ಮಾಡಿದ್ದೇನೆ. ಆದರೂ ತಮ್ಮ ಸಲೀಸಾಗಿ ತೆಗೆದು ಮೆಸೇಜ್ ಓದುತ್ತಾನೆ, ಓದಿದ್ದನ್ನು ಊಟಕ್ಕೆ ಕೂತಾಗ ಎಲ್ಲರೆದುರು ಆಡಿ ತೋರಿಸುತ್ತಾನೆ ಬೇರೆ. ಸಿಗ್ನಲ್ ಪಿನ್ ಬದಲಾಯಿಸಿದರೂ ಅದೇ ಕಥೆ. ಹೊಸ ಪಿನ್ ಅವನಿಗೆ ಹೇಗೆ ಗೊತ್ತಾಗ್ತಿದೆ?

ಸ್ಕ್ರೂಡ್ರೈವರ್:
ಗೊತ್ತಾಗಿಲ್ಲ, ಅವನಿಗೆ ಅದು ಬೇಕಾಗಿಯೂ ಇಲ್ಲ. ಬಹಳ ಜನ ಎಡವೋ ಜಾಗ ಇದು. ಸಿಗ್ನಲ್ ಪಿನ್ ಇರೋದು ನಿಮ್ಮ ಪ್ರೊಫೈಲ್, ಸೆಟ್ಟಿಂಗ್ಸ್ ವಾಪಸ್ ಪಡೆಯೋಕೆ. ‘ರಿಜಿಸ್ಟ್ರೇಶನ್ ಲಾಕ್’ ಆನ್ ಮಾಡಿಟ್ಟರೆ, ಬೇರೆಯವರು ನಿಮ್ಮ ನಂಬರನ್ನು ಇನ್ನೊಂದು ಫೋನಿನಲ್ಲಿ ನೋಂದಾಯಿಸದಂತೆಯೂ ಅದು ತಡೆಯುತ್ತೆ. ಆಪ್ ತೆರೆಯೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆಪ್ ತೆರೆಯುವಾಗ ಕೇಳೋ ಸ್ಕ್ರೀನ್ ಲಾಕ್ ಬೇರೆ, ಅದು ನಿಮ್ಮ ಫೋನಿನ ಲಾಕನ್ನೇ ಬಳಸುತ್ತೆ. ಫೋನ್ ಪಿನ್ ಗೊತ್ತಿದ್ದವರಿಗೆ ಇದೂ ತೆರೆಯುತ್ತೆ. ಕೆಟ್ಟಿರೋದು ಏನೂ ಇಲ್ಲ, ಅದನ್ನು ಮಾಡಿರೋದೇ ಹಾಗೆ.

ಇನ್ನೊಂದು ನೋಡಿ: ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿ ಬೆರಳಚ್ಚುಗಳ ಪಟ್ಟಿ ತೆಗೆಯಿರಿ. ಫೋನ್ ಪಿನ್ ತಿಳಿದಿರೋರು ತಮ್ಮ ಬೆರಳನ್ನೂ ಅಲ್ಲಿ ಸೇರಿಸಿಕೊಳ್ಳಬಹುದು. ಫೋನಿನಲ್ಲಿ ಯಾರ ಬೆರಳು ಇದೆಯೋ ಅವರಿಗೆಲ್ಲ ವಾಟ್ಸಾಪ್‌ನ ಆಪ್ ಲಾಕ್ ಕೂಡ ತೆರೆದುಕೊಳ್ಳುತ್ತೆ.

ಕಾಡುಮಲ್ಲಿಗೆ:
ಅಯ್ಯೋ! ಪಟ್ಟಿಯಲ್ಲಿ ‘ಬೆರಳು 3’ ಅಂತ ಒಂದಿದೆ, ಅದು ನಂದಲ್ಲವೇ ಅಲ್ಲ. ಈಗಲೇ ಅಳಿಸಿದೆ. ಆದರೆ ಫೋನ್ ಪಿನ್ ಬದಲಾಯಿಸಿದರೆ ಮನೆಯಲ್ಲಿ ‘ಏನೋ ಮುಚ್ಚಿಡ್ತಿದ್ದಾಳೆ’ ಅಂತ ಶುರುವಾಗುತ್ತೆ. ಸಿಗ್ನಲ್‌ಗೆ ಮಾತ್ರ ಬೇರೆ ಪಾಸ್‌ವರ್ಡ್ ಇಡೋಕೆ ಆಗಲ್ವಾ? ಪ್ಲೇ ಸ್ಟೋರ್‌ನಲ್ಲಿ ಆಪ್ ಲಾಕರ್‌ಗಳು ರಾಶಿ ಇವೆಯಲ್ಲ?

ಹಳೇಚಾರ್ಜರ್:
ಆ ರಾಶಿಗೆ ಕೈ ಹಾಕಬೇಡಿ ಮೇಡಂ. ಎಷ್ಟೋ ಆಪ್ ಲಾಕರ್‌ಗಳು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಅದು ಕೊಟ್ಟರೆ ಪರದೆ ಮೇಲೆ ಬರೋದನ್ನೆಲ್ಲ ಓದಬಲ್ಲವು. ತಮ್ಮನಿಂದ ಮುಚ್ಚಿಟ್ಟಿದ್ದನ್ನು ಗುರುತು ಪರಿಚಯ ಇಲ್ಲದವನ ಕೈಗೆ ಕೊಟ್ಟಂಗಾಯ್ತು.

ಬೇರೆ ಪಾಸ್‌ವರ್ಡೇ ಬೇಕು ಅಂದ್ರೆ ‘ಮೋಲಿ’ ಇದೆ. ಸಿಗ್ನಲ್‌ನ ಮೂಲ ಕೋಡ್ ಮೇಲೆಯೇ ಬೇರೆಯವರು ಕಟ್ಟಿರೋ ಆಂಡ್ರಾಯ್ಡ್ ಆಪ್. ಮೆಸೇಜುಗಳನ್ನು ನಿಮ್ಮದೇ ಪಾಸ್‌ಫ್ರೇಸ್‌ನಿಂದ (ಉದ್ದದ ಪಾಸ್‌ವರ್ಡ್) ಎನ್‌ಕ್ರಿಪ್ಟ್ ಮಾಡಿಡುತ್ತೆ, ಅಂದ್ರೆ ಅದಿಲ್ಲದೆ ಓದೋಕಾಗದಂತೆ ಮಾಡಿಡುತ್ತೆ. ಅದನ್ನು ಮರೆತರೆ ಮೆಸೇಜುಗಳೂ ಹೋದಂತೆ. ವಾಟ್ಸಾಪ್‌ನಲ್ಲಾದರೆ ಲಾಕ್ ಮಾಡಿದ ಚಾಟ್‌ಗಳಿಗೆ ಫೋನ್ ಪಿನ್‌ಗಿಂತ ಬೇರೆಯಾದ ರಹಸ್ಯ ಕೋಡ್ ಇಡೋ ಸೌಲಭ್ಯ 2023ರಿಂದ ಇದೆ. ಜೊತೆಗೆ ‘ಹೈಡ್’ ಕೂಡ ಆನ್ ಮಾಡಿದರೆ ಆ ಚಾಟ್‌ಗಳ ಫೋಲ್ಡರೇ ಕಾಣಲ್ಲ, ಸರ್ಚ್ ಜಾಗದಲ್ಲಿ ಕೋಡ್ ಹೊಡೆದಾಗ ಮಾತ್ರ ಬರುತ್ತೆ.

ಆದರೂ ನನ್ನ ಮಾತು ಕೇಳಿದರೆ, ಫೋನ್ ಪಿನ್ ಬದಲಾಯಿಸದೆ ಗತಿಯಿಲ್ಲ. ಪಿನ್ ಬದಲಾಯಿಸಿ, ತಮ್ಮನಿಗೆ ಸೆಟ್ಟಿಂಗ್ಸ್‌ನಲ್ಲಿ ಇನ್ನೊಬ್ಬ ಬಳಕೆದಾರನ ಖಾತೆ ತೆರೆದುಕೊಡಿ. ಅವನ ಗೇಮ್ ಅವನ ಖಾತೆಯಲ್ಲಿರುತ್ತೆ, ನಿಮ್ಮ ಮೆಸೇಜುಗಳು ಅಲ್ಲಿ ಕಾಣಲ್ಲ. ಕೆಲವು ಕಂಪನಿಯವರು ಈ ಸೌಲಭ್ಯ ತೆಗೆದುಹಾಕಿರುತ್ತಾರೆ, ನಿಮ್ಮದರಲ್ಲಿ ಇದೆಯಾ ನೋಡಿ. ಅಮ್ಮನಿಗೆ ಕೊಡುವಾಗ ವಿಡಿಯೋ ಕಾಲ್ ಆಪನ್ನು ‘ಪಿನ್’ ಮಾಡಿಕೊಟ್ಟರೆ, ಅಂದ್ರೆ ಆ ಆಪ್ ಬಿಟ್ಟು ಬೇರೆಡೆ ಹೋಗದಂತೆ ಪರದೆಗೆ ಕಟ್ಟಿಹಾಕಿ ಕೊಟ್ಟರೆ ಸಾಕು. ಅನ್‌ಪಿನ್ ಮಾಡಲು ಲಾಕ್ ಕೇಳುವ ಆಯ್ಕೆ ಆನ್ ಇರಲಿ. ಇದೂ ಫೋನ್ ಪಿನ್‌ನನ್ನೇ ಕೇಳೋದು, ಹಳೇ ಪಿನ್ ಇಟ್ಟುಕೊಂಡರೆ ಎಲ್ಲ ವ್ಯರ್ಥ.

ಸ್ಕ್ರೂಡ್ರೈವರ್:
ಸರಿಯಾಗಿ ಹೇಳಿದಿರಿ ಸರ್. ಒಂದು ಬಿಟ್ಟುಹೋಯ್ತು, ನನ್ನ ಪ್ರಕಾರ ಅದೇ ಮುಖ್ಯ: ‘ಲಿಂಕ್ ಮಾಡಿದ ಸಾಧನಗಳು’. ಫೋನ್ ಒಂದು ನಿಮಿಷ ಕೈಗೆ ಸಿಕ್ಕರೆ ಕ್ಯೂಆರ್ ಸ್ಕ್ಯಾನ್ ಮಾಡಿ ತಮ್ಮ ಕಂಪ್ಯೂಟರಿಗೆ ಜೋಡಿಸಿಕೊಳ್ಳಬಹುದು. ಆಮೇಲೆ ನೀವು ಫೋನ್ ಪಿನ್ ಎಷ್ಟು ಬದಲಾಯಿಸಿದರೂ ಮೆಸೇಜ್ ಅಲ್ಲಿಗೂ ಹೋಗುತ್ತಲೇ ಇರುತ್ತೆ. ಸಿಗ್ನಲ್, ವಾಟ್ಸಾಪ್ ಎರಡರಲ್ಲೂ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಅನ್‌ಲಿಂಕ್ ಮಾಡಿ.

ಆಮೇಲೆ ನೋಟಿಫಿಕೇಶನ್. ಸಿಗ್ನಲ್‌ನಲ್ಲಿ ‘ಹೆಸರೂ ಬೇಡ, ಮೆಸೇಜೂ ಬೇಡ’ ಅನ್ನೋ ಆಯ್ಕೆ ಇದೆ, ಅದನ್ನೇ ಹಾಕಿ. ಆಂಡ್ರಾಯ್ಡ್ 11ರಿಂದ ಈಚೆಗೆ ‘ನೋಟಿಫಿಕೇಶನ್ ಹಿಸ್ಟರಿ’ ಅಂತ ಇದೆ. ಅದು ಆನ್ ಆಗಿದ್ದರೆ ಕಳೆದ 24 ಗಂಟೆಯಲ್ಲಿ ಬಂದಿದ್ದೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತೆ, ಆಪ್ ತೆರೆಯೋ ಅಗತ್ಯವೇ ಇಲ್ಲ. ಸಿಗ್ನಲ್‌ನ ಪ್ರೈವಸಿಯಲ್ಲಿ ‘ಸ್ಕ್ರೀನ್ ಸೆಕ್ಯುರಿಟಿ’ ಕೂಡ ಆನ್ ಮಾಡಿ, ಇತ್ತೀಚೆಗೆ ಬಳಸಿದ ಆಪ್‌ಗಳ ಪಟ್ಟಿಯಲ್ಲಿ ಚಾಟ್‌ನ ಚಿತ್ರ ಕಾಣಿಸಲ್ಲ.

ಕಾಡುಮಲ್ಲಿಗೆ:
ಹಿಸ್ಟರಿ ಆನ್ ಇತ್ತು! ನಾನಂತೂ ಆನ್ ಮಾಡಿರಲಿಲ್ಲ. ಲಿಂಕ್ ಪಟ್ಟಿ ಖಾಲಿ ಇದೆ, ಸದ್ಯ ಬದುಕಿದೆ. ಪಿನ್ ಬದಲಾಯಿಸಿ ತಮ್ಮನಿಗೆ ಬೇರೆ ಖಾತೆ ಕೊಟ್ಟೆ. ಗೇಮ್ ಮತ್ತೆ ಡೌನ್‌ಲೋಡ್ ಮಾಡ್ಕೋಬೇಕು ಅಂತ ಮುಖ ಊದಿಸಿಕೊಂಡಿದ್ದಾನೆ, ಪಿನ್ ಬಗ್ಗೆ ಮಾತ್ರ ತುಟಿ ಬಿಚ್ಚಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ತೂತುಜೇಬು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಐಫೋನ್‌ನಲ್ಲಿ ಏನು ದಾರಿ?

ಹಳೇಚಾರ್ಜರ್:
ಕೊಡುವ ಮುಂಚೆ ‘ಗೈಡೆಡ್ ಆಕ್ಸೆಸ್’ ಆನ್ ಮಾಡಿ, ಬಟನ್ ಮೂರು ಸಲ ಒತ್ತಿದರೆ ಶುರು. ಒಂದೇ ಆಪ್‌ನಲ್ಲಿ ಕಟ್ಟಿಹಾಕುತ್ತೆ, ಅದಕ್ಕೆ ಫೋನ್ ಪಾಸ್‌ಕೋಡ್‌ಗಿಂತ ಬೇರೆಯದೇ ಕೋಡ್ ಇಡಬಹುದು. ಐಓಎಸ್ 18ರಿಂದ ಆಪ್ ಐಕಾನ್ ಒತ್ತಿ ಹಿಡಿದು ಫೇಸ್ ಐಡಿ ಲಾಕ್ ಹಾಕುವ ಸೌಲಭ್ಯವೂ ಬಂದಿದೆ. ನಿಮ್ಮ ಪಾಸ್‌ಕೋಡ್ ಯಾರಿಗೆಲ್ಲ ಗೊತ್ತು, ಅದನ್ನು ಮೊದಲು ಹೇಳಿ.